ನಮ್ಮ ಗುಂಡನಿಗೆ 13 ತುಂಬಿತು. ವಯಸ್ಸಾದ ನಾಯಿಯನ್ನು ನೀವೆಲ್ಲ ಹೇಗೆ ನೋಡಿಕೊಳ್ಳುತ್ತೀರಿ?

ಮುಲುಂಡ್ ಮಲ್ನಾಡ್:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲ ಸಾಗರದ ಕಡೆ, ಈಗ ಮುಲುಂಡಿನಲ್ಲಿ ನಾಲ್ಕನೇ ಮಹಡಿಯಲ್ಲಿ ಮನೆ. ನಮ್ಮ ಲ್ಯಾಬ್ರಡಾರ್ ಗುಂಡನಿಗೆ ಈಗ 13 ವರ್ಷ. ಮಗಳು ಬಾಲವಾಡಿಗೆ ಹೋಗುತ್ತಿದ್ದಾಗ ಮನೆಗೆ ಬಂದವನು. ಈಗ ಅವಳು ಕಾಲೇಜು.

ಕೆಲವು ತಿಂಗಳಿಂದ ಅವನಿಗೆ ರಾತ್ರಿ ನಿದ್ದೆಯೇ ಇಲ್ಲ. ಎರಡು ಗಂಟೆ ಹೊತ್ತಿಗೆ ಎದ್ದು ಹಾಲ್‌ನಲ್ಲಿ ಸುತ್ತು ಹಾಕುತ್ತಾನೆ. ಏದುಸಿರು ಬಿಡುತ್ತಾನೆ. ಕೆಲವೊಮ್ಮೆ ಬಾಗಿಲಿನ ಹಿಂದಿನ ಮೂಲೆಗೆ ಹೋಗಿ ಗೋಡೆ ನೋಡುತ್ತಾ ನಿಂತುಬಿಡುತ್ತಾನೆ. ಕರೆದರೂ ತಿರುಗುವುದಿಲ್ಲ. ಟೈಲ್ಸ್ ಮೇಲೆ ಹಿಂಗಾಲು ಜಾರಿ ಕೂತುಬಿಡುತ್ತಾನೆ. ಇಷ್ಟು ವರ್ಷ ಮನೆಯೊಳಗೆ ಒಂದು ಹನಿ ಉಚ್ಚೆ ಮಾಡಿದವನಲ್ಲ, ಈಗ ಮಲಗಿದ ಜಾಗದಲ್ಲೇ ಆಗುತ್ತಿದೆ. ಆಮೇಲೆ ಅವನೇ ತಲೆ ತಗ್ಗಿಸಿ ಬೇರೆ ಕಡೆ ಹೋಗಿ ಮಲಗುತ್ತಾನೆ. ಅದನ್ನು ನೋಡಲಿಕ್ಕೆ ಆಗುವುದಿಲ್ಲ.

ಅತ್ತೆ "ವಯಸ್ಸಾಯ್ತಲ್ಲೇ, ನನಗೂ ಮಂಡಿ ನೋವು, ಅವನಿಗೂ ಮಂಡಿ ನೋವು" ಅನ್ನುತ್ತಾರೆ. ಹಾಗನ್ನುವ ಅವರೇ ರಾತ್ರಿ ಎದ್ದು ಕುರ್ಚಿ ಹಾಕಿಕೊಂಡು ಅವನ ಪಕ್ಕ ಕೂರುತ್ತಾರೆ. ಇವನು ಅವರ ಪಾದದ ಮೇಲೆ ಗದ್ದ ಇಟ್ಟುಕೊಂಡರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ.

ಸಾಲದ್ದಕ್ಕೆ ಸೊಸೈಟಿಯವರು ನೋಟಿಸ್ ಹಚ್ಚಿದ್ದಾರೆ, ನಾಯಿಗಳನ್ನು ಲಿಫ್ಟಿನಲ್ಲಿ ತರಬಾರದು ಅಂತ. ಈ ಕಾಲಿನಲ್ಲಿ ನಾಲ್ಕು ಮಹಡಿ ಅವನು ಹೇಗೆ ಇಳಿಯಬೇಕು ಹೇಳಿ. ಗಣಪತಿ ಹಬ್ಬಕ್ಕೆ ಊರಿಗೂ ಹೋಗಬೇಕು. ಇವನನ್ನು ಕರೆದುಕೊಂಡು ಹೋಗುವುದೋ, ಇಲ್ಲೇ ಬಿಡುವುದೋ ತಿಳಿಯುತ್ತಿಲ್ಲ. ವಯಸ್ಸಾದ ನಾಯಿ ಸಾಕಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಟು ಹಡಪ್ಸರ್:

ಅಕ್ಕಾ, ನಮ್ಮ ರಾಜಾನ ಕಡೆಯ ಎರಡು ವರ್ಷ ಇದೇ ಆಗಿತ್ತು. ಮೊದಲು ನೆಲದ ವ್ಯವಸ್ಥೆ ಮಾಡಿ. ನಮ್ಮ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್ ವಯಸ್ಸಾದ ನಾಯಿಗೆ ದೊಡ್ಡ ಶತ್ರು. ಒಮ್ಮೆ ಜಾರಿ ಬಿದ್ದರೆ ಆಮೇಲೆ ಏಳಲಿಕ್ಕೇ ಹೆದರುತ್ತವೆ. ಹಳೆ ಯೋಗ ಮ್ಯಾಟುಗಳನ್ನು ಉದ್ದಕ್ಕೆ ಕತ್ತರಿಸಿ ಅವನು ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಮುಂಬಾಗಿಲಿಗೆ ದಾರಿ ಮಾಡಿ. ಮನೆ ತುಂಬ ಹಾಸಬೇಕಿಲ್ಲ, ಅವನು ಓಡಾಡುವ ದಾರಿ ಸಾಕು. ಗೋಣಿಚೀಲ, ಬೆಡ್‌ಶೀಟ್ ಹಾಸಬೇಡಿ. ಅವು ನಾಯಿಯ ಜೊತೆಗೇ ಜಾರುತ್ತವೆ. ಪಾದದ ಅಡಿಯ ಗಾದಿಗಳ ನಡುವೆ ಕೂದಲು ಬೆಳೆದಿರುತ್ತದೆ, ಅದನ್ನೂ ಕತ್ತರಿಸಿ. ಉಗುರು ನೆಲಕ್ಕೆ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಜಾಸ್ತಿ ಬೆಳೆದಿದೆ ಅಂತಲೇ ಅರ್ಥ. ನಡಿಗೆ ಕಡಿಮೆ ಆದಾಗ ಉಗುರು ಸವೆಯುವುದಿಲ್ಲ ನೋಡಿ.

ಎಬ್ಬಿಸುವುದಕ್ಕೆ ನಮ್ಮಪ್ಪನ ಹಳೆ ಹತ್ತಿ ಪಂಚೆ ಬಳಸುತ್ತಿದ್ದೆವು. ನಾಲ್ಕು ಮಡಿಕೆ ಮಾಡಿ, ಹೊಟ್ಟೆಯ ಕೆಳಗೆ, ಹಿಂಗಾಲಿನ ಸ್ವಲ್ಪ ಮುಂದೆ ತೂರಿಸಿ, ಎರಡೂ ತುದಿ ಬೆನ್ನಿನ ಮೇಲೆ ಒಂದೇ ಕೈಯಲ್ಲಿ ಹಿಡಿಯಬೇಕು. ಪೂರಾ ಎತ್ತಬಾರದು. ಅವನ ಕಾಲು ನೆಲ ತುಳಿಯಬೇಕು, ನೀವು ಬರೀ ಅರ್ಧ ಭಾರ ತೆಗೆದುಕೊಳ್ಳಬೇಕು. ಗಂಡು ನಾಯಿ ಆದ್ದರಿಂದ ಉಚ್ಚೆ ಹೊಯ್ಯುವ ಜಾಗ ಅಮುಕದ ಹಾಗೆ ನೋಡಿಕೊಳ್ಳಿ. ಮೊದಮೊದಲು ರಾಜಾ ತಿರುಗಿ ತಿರುಗಿ ನೋಡುತ್ತಿದ್ದ. ಆಮೇಲೆ ಪಂಚೆ ಕೈಗೆ ತಗೊಂಡರೆ ಸಾಕು, ತಾನೇ ಮುಂಗಾಲು ಊರಿ ತಯಾರಾಗುತ್ತಿದ್ದ.

ಹಾಸಿಗೆಗೆ ಕೌದಿ ಒಳ್ಳೆಯದು. ನಮ್ಮವ್ವ ಹೊಲಿದ ದಪ್ಪ ಕೌದಿ ಎರಡು ಇದ್ದವು, ಒಂದು ಒದ್ದೆ ಆದರೆ ಇನ್ನೊಂದು. ಅವನು ಒಂದೇ ಮಗ್ಗುಲಿಗೆ ತುಂಬ ಹೊತ್ತು ಮಲಗಿದರೆ ಮೊಣಕೈ, ಸೊಂಟದ ಮೂಳೆಯ ಹತ್ತಿರ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಎರಡು-ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಮಾಟುಂಗಾ ಮಾಮ:

ತಾಯಿ, ನಾಯಿಯ ಒಂದು ವರ್ಷಕ್ಕೆ ಮನುಷ್ಯನ ಏಳು ವರ್ಷ ಅಂತಾರಲ್ಲ, ಹಾಗಾದರೆ ಗುಂಡನಿಗೆ 91 ಆಯಿತೇ? ನನಗಿಂತ ಹಿರಿಯ! ಅವನಿಗೆ ನನ್ನ ನಮಸ್ಕಾರ ಹೇಳಿ.

ಕೋಥ್ರೂಡ್ ಪಶುವೈದ್ಯೆ:

ನಾನು ಬೀದರಿನಲ್ಲಿ ಓದಿ ಈಗ ಪುಣೆಯಲ್ಲಿ ಕ್ಲಿನಿಕ್ ನಡೆಸುತ್ತಿದ್ದೇನೆ. ಮಾಮನ ಪ್ರಶ್ನೆಗೆ ಮೊದಲು. ಏಳರ ಲೆಕ್ಕ ಸರಿಯಲ್ಲ. ನಾಯಿ ಮೊದಲ ವರ್ಷಗಳಲ್ಲಿ ಬೇಗ ಬೆಳೆದು, ಆಮೇಲೆ ವಯಸ್ಸಾಗುವ ವೇಗ ಕಡಿಮೆ ಆಗುತ್ತದೆ. 2020ರಲ್ಲಿ ಅಮೆರಿಕದ ಸಂಶೋಧಕರು ಲ್ಯಾಬ್ರಡಾರ್‌ಗಳ ಡಿಎನ್‌ಎ ನೋಡಿ ಒಂದು ಲೆಕ್ಕ ಕೊಟ್ಟರು. ಅದರ ಪ್ರಕಾರ ಒಂದು ವರ್ಷದ ಲ್ಯಾಬ್ ಮನುಷ್ಯನ 31ಕ್ಕೆ ಸಮ, 13ರ ಗುಂಡ ಸುಮಾರು 72. ಸಣ್ಣ ತಳಿಗಳು ಇನ್ನೂ ನಿಧಾನಕ್ಕೆ ಮುದಿಯಾಗುತ್ತವೆ.

ಈಗ ಮುಖ್ಯ ವಿಷಯ. ಮುಲುಂಡ್ ಮಲ್ನಾಡ್ ಮೇಡಂ, ನೀವು ಬರೆದಿರುವುದರಲ್ಲಿ "ವಯಸ್ಸಾಯ್ತು" ಅಂತ ಬಿಟ್ಟುಬಿಡುವಂಥದ್ದು ಒಂದೂ ಇಲ್ಲ. ದಿನಾ ನನ್ನ ಟೇಬಲ್ ಮುಂದೆ ಇದೇ ಮಾತು ಕೇಳುತ್ತೇನೆ, ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೇನೆ. ವಯಸ್ಸು ಕಾಯಿಲೆ ಅಲ್ಲ. ನಿಮ್ಮ ಗುಂಡನಿಗೆ ಒಂದೇ ಸಲ ಮೂರು-ನಾಲ್ಕು ಬೇರೆ ಬೇರೆ ತೊಂದರೆ ಇರಬಹುದು. ಅದರಲ್ಲಿ ಕೆಲವಕ್ಕಾದರೂ ಔಷಧಿ ಇದೆ.

ರಾತ್ರಿ ಏದುಸಿರು, ಸುತ್ತು ಹೊಡೆಯುವುದು ಎಷ್ಟೋ ಸಲ ನೋವಿನ ಲಕ್ಷಣ. ನಾಯಿಗಳು ನೋವಿಗೆ ಕುಂಯ್ಗುಡುವುದು ಕಡಿಮೆ. ಮಲಗಲು ಹತ್ತು ಸಲ ಜಾಗ ಬದಲಿಸುವುದು, ಮೆಟ್ಟಿಲ ಮುಂದೆ ನಿಂತು ಯೋಚಿಸುವುದು, ಮುಟ್ಟಿದರೆ ಸರಿದುಕೊಳ್ಳುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಇವನ್ನು ನೋಡಿ. ಮಲಗಿದಲ್ಲೇ ಉಚ್ಚೆ ಆಗುತ್ತಿದ್ದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿ, ಬೆನ್ನುಹುರಿ ಎಲ್ಲ ನೋಡಬೇಕು. ಗೋಡೆ ನೋಡುತ್ತಾ ನಿಲ್ಲುವುದು, ರಾತ್ರಿ-ಹಗಲು ಅದಲುಬದಲು ಆಗುವುದು ನಾಯಿಗಳ ಮರೆಗುಳಿತನ ಇರಬಹುದು. ಆದರೆ ಆ ಹೆಸರು ಕೊಡುವ ಮೊದಲು ಉಳಿದದ್ದೆಲ್ಲ ತಪಾಸಣೆ ಆಗಬೇಕು. ರಕ್ತ, ಮೂತ್ರ, ರಕ್ತದೊತ್ತಡ, ಬೇಕಾದರೆ ಎಕ್ಸ್‌ರೇ. ರಾತ್ರಿ ಅವನು ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್‌ಗೆ ಬಂದ ಕೂಡಲೇ ಎಲ್ಲ ನಾಯಿಗಳೂ ಗಟ್ಟಿಮುಟ್ಟಾಗಿ ನಿಲ್ಲುತ್ತವೆ, ಅಲ್ವಾ.

ಇನ್ನೊಂದು, ಅತ್ತೆಯವರ ಮಂಡಿ ನೋವಿನ ಮಾತ್ರೆ ಅವನಿಗೆ ಯಾವ ಕಾರಣಕ್ಕೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ನಾಯಿಗೆಂದೇ ಬೇರೆ ನೋವಿನ ಔಷಧಿ ಇದೆ. ಅದನ್ನೂ ಲಿವರ್, ಕಿಡ್ನಿ ನೋಡಿಕೊಂಡೇ ಕೊಡುತ್ತೇವೆ.

ಠಾಣೆ ವಕೀಲ:

ಲಿಫ್ಟಿನ ವಿಷಯಕ್ಕೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸಾಕುನಾಯಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಬಹುಮತದಿಂದ ಠರಾವು ಪಾಸು ಮಾಡಿದರೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ, ಅದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ ಅಂತ ಅದರಲ್ಲಿದೆ. ಎರಡು ಲಿಫ್ಟ್ ಇದ್ದರೆ ಒಂದನ್ನು ಬಳಸಿ ಅಂತ ಸೊಸೈಟಿ ಕೇಳಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಪ್ರಾಣಿಗಳಿಗೆ ದಯೆ ತೋರುವುದು ನಾಗರಿಕರ ಕರ್ತವ್ಯ ಅನ್ನುವ ಸಂವಿಧಾನದ 51ಎ (ಜಿ) ಇದೆ.

ಆದರೆ ಕಾಯ್ದೆ ಹಿಡಿದು ಜಗಳಕ್ಕೆ ಹೋಗುವುದಕ್ಕಿಂತ ಮೊದಲು ಸೆಕ್ರೆಟರಿಗೆ ಒಂದು ಅರ್ಜಿ ಬರೆಯಿರಿ. ನಾಯಿಯ ವಯಸ್ಸು, ಕಾಲಿನ ತೊಂದರೆ, ಡಾಕ್ಟರ ಪತ್ರ, ರೇಬಿಸ್ ಲಸಿಕೆಯ ಕಾರ್ಡು, ಪಾಲಿಕೆಯ ಲೈಸೆನ್ಸ್, ಎಲ್ಲದರ ಝೆರಾಕ್ಸ್ ಹಚ್ಚಿ. ಒಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಬೆಲ್ಟ್ ಹಾಕಿಯೇ ಕರೆದೊಯ್ಯಿರಿ, ಲಿಫ್ಟಿನಲ್ಲಿ ಏನಾದರೂ ಆದರೆ ಒರೆಸಲು ಬಟ್ಟೆ ಕೈಯಲ್ಲಿರಲಿ. ನಾಯಿಗೆ ಹೆದರುವವರು ಒಳಗಿದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ. ನಮ್ಮ ಬಿಲ್ಡಿಂಗಿನಲ್ಲಿ ಜಾಸ್ತಿ ವಿರೋಧ ಮಾಡುತ್ತಿದ್ದ ಹಿರಿಯರು ಡಾಕ್ಟರ ಪತ್ರ ಓದಿದ ಮೇಲೆ ತಾವೇ ಲಿಫ್ಟಿನ ಬಾಗಿಲು ಹಿಡಿಯುತ್ತಿದ್ದರು.

ಕಲ್ಯಾಣದ ಕಾವೇರಿ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಡಾಕ್ಟ್ರೇ, ನಮ್ಮ ಪೊಮೇರಿಯನ್ ಚಿನ್ನುಗೆ 10 ವರ್ಷ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಲ್ಲ. ಎರಡು-ಮೂರು ದಿನದಿಂದ ಬಟ್ಟಲು ಬಟ್ಟಲು ನೀರು ಕುಡಿಯುತ್ತಾಳೆ. ಊಟ ಮೂಸಿ ಬಿಡುತ್ತಾಳೆ. ಮನೆಯವರು ಸೆಕೆಗೆ ಇರಬೇಕು ಅನ್ನುತ್ತಿದ್ದಾರೆ. ಇದೂ ವಯಸ್ಸಿನದೇನಾ?

ಕೋಥ್ರೂಡ್ ಪಶುವೈದ್ಯೆ:

ಕಾವೇರಿ, ಕಡೆಯ ಸಲ ಅವಳು ಬೆದೆಗೆ ಬಂದದ್ದು ಯಾವಾಗ? ಹಿಂದಿನಿಂದ ಕೀವು, ರಕ್ತ, ಕೆಟ್ಟ ವಾಸನೆ ಏನಾದರೂ ಇದೆಯೇ?

ಕಲ್ಯಾಣದ ಕಾವೇರಿ:

ಹೋದ ತಿಂಗಳು ಬಂದಿತ್ತು. ಬಾಲದ ಕೆಳಗೆ ಕೂದಲು ಅಂಟಂಟಾಗಿದೆ. ಅವಳೇ ನೆಕ್ಕುತ್ತಿರುತ್ತಾಳೆ.

ಕೋಥ್ರೂಡ್ ಪಶುವೈದ್ಯೆ:

ಈಗಲೇ ಹೊರಡಿ. ನಾಳೆ ಬೆಳಿಗ್ಗೆ ಅಂತ ಇಡಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಜಾಸ್ತಿ, ಪಯೋಮೆಟ್ರಾ ಅನ್ನುತ್ತೇವೆ. ಬೆದೆ ಮುಗಿದ ಮುಂದಿನ ಒಂದೆರಡು ತಿಂಗಳಲ್ಲಿ, ಆಪರೇಷನ್ ಆಗದ ವಯಸ್ಸಾದ ಹೆಣ್ಣು ನಾಯಿಗಳಿಗೆ ಬರುತ್ತದೆ. ಜಾಸ್ತಿ ನೀರು ಕುಡಿಯುವುದು, ಊಟ ಬಿಡುವುದು ಅದರದ್ದೇ ಗುರುತು. ವಿಷ ಮೈಗೆ ಏರಿದರೆ ಜೀವಕ್ಕೇ ಅಪಾಯ. ಸ್ಕ್ಯಾನ್ ಮಾಡಿ ನೋಡುತ್ತಾರೆ. ಗರ್ಭಕೋಶ ತೆಗೆಯಬೇಕಾಗಬಹುದು. ವಯಸ್ಸಾಗಿದೆ ಅಂತ ಆಪರೇಷನ್‌ಗೆ ಹೆದರಿ ಬಿಡಬೇಡಿ. ರಾತ್ರಿ ತೆರೆದಿರುವ ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಲಕ್ಷಣ ಹೇಳಿಯೇ ಹೋಗಿ.

ಮಾಟುಂಗಾ ಮಾಮ:

ಕಾವೇರಿ ಮಗೂ, ಹೊರಟೆಯಾ? ಕಲ್ಯಾಣದಲ್ಲಿ ಯಾರೂ ಸಿಗದಿದ್ದರೆ ಈ ಕಡೆ ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ ಇದೆ, 1883ರಿಂದ ಪ್ರಾಣಿಗಳಿಗೆಂದೇ ಇರುವುದು. ಪಕ್ಕದಲ್ಲೇ 1886ರ ಪಶುವೈದ್ಯ ಕಾಲೇಜು. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾದವರ ದೊಡ್ಡ ಆಸ್ಪತ್ರೆಯೂ ಶುರುವಾಗಿದೆ. ಆದರೆ ಡಾಕ್ಟರಮ್ಮ ಹೇಳಿದಂತೆ ಮೊದಲು ಹತ್ತಿರದ್ದು ನೋಡು.

ವಾಸ್ಕೋ ಕಾರವಾರ:

ದಯಾಮರಣದ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಗುಂಡನಿಗೆ ಈಗ ಇದು ಬೇಕಿಲ್ಲ, ಆದರೂ ಯಾರಾದರೂ ಮುಂಚೆಯೇ ಹೇಳಿದ್ದರೆ ನನಗೆ ಧೈರ್ಯ ಇರುತ್ತಿತ್ತು.

ನಮ್ಮ ಕರಿಯ ಊರಿನ ನಾಟಿ ನಾಯಿ, ಬೈನಾ ಬೀಚಿನಲ್ಲಿ ಸಿಕ್ಕಿದವನು. 15ರ ಹತ್ತಿರ ಕಿಡ್ನಿ ಹೋಯಿತು. ಸಲೈನ್ ಹಾಕಿದ ದಿನ ಎದ್ದು ಕೂರುತ್ತಿದ್ದ, ಮರುದಿನ ಮತ್ತೆ ವಾಂತಿ. ಡಾಕ್ಟರರು ಒಂದು ಪಟ್ಟಿ ಕೊಟ್ಟರು. ಆಲಿಸ್ ವಿಲ್ಲಾಲೋಬೋಸ್ ಅನ್ನುವ ಪಶುವೈದ್ಯೆ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯೇ ಅನ್ನುವುದು. ಏಳಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಮೇಲಿದ್ದರೆ ಅವನ ಬದುಕು ಇನ್ನೂ ಸಹ್ಯ ಅಂತ. ನಾನು, ನನ್ನ ಗಂಡ, ಮಾವ ಮೂವರೂ ಬೇರೆ ಬೇರೆ ಕೂತು ಬರೆದೆವು. ಮಾವನವರದ್ದೇ ಎಲ್ಲರಿಗಿಂತ ಕಡಿಮೆ ಬಂತು. ದಿನವಿಡೀ ಅವನ ಜೊತೆ ಇರುತ್ತಿದ್ದವರು ಅವರೇ.

ಡಾಕ್ಟರರು ಮನೆಗೇ ಬಂದರು. ಮೊದಲು ನಿದ್ದೆಯ ಇಂಜೆಕ್ಷನ್. ಕರಿಯ ನನ್ನ ತೊಡೆಯ ಮೇಲೆ ಗೊರಕೆ ಹೊಡೆದ. ಆಮೇಲೆ ಮುಂಗಾಲಿನ ನರಕ್ಕೆ ಎರಡನೇ ಔಷಧಿ. ಕೆಲವೇ ನಿಮಿಷ. ಒಂದು ವಿಷಯ ಎಲ್ಲರೂ ತಿಳಿದಿರಲಿ. ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಉಸಿರು ನಿಂತ ಮೇಲೂ ಒಮ್ಮೆ ಎದೆ ಏರಿಳಿದ ಹಾಗೆ ಆಗಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ, ಆಗ ಅವನಿಗೆ ಏನೂ ಗೊತ್ತಾಗುವುದಿಲ್ಲ. ನಮಗೆ ಡಾಕ್ಟರರು ಮೊದಲೇ ಹೇಳಿದ್ದರಿಂದ ಮಕ್ಕಳೂ ಗಾಬರಿ ಆಗಲಿಲ್ಲ.

ಹುಬ್ಬಳ್ಳಿ ಟು ಹಡಪ್ಸರ್:

ಅಕ್ಕಾ, ಓದಿ ಕಣ್ಣು ತುಂಬಿತು. ಆದರೆ ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಒಪ್ಪಲಿಲ್ಲ. ನಮ್ಮವ್ವ "ಹುಟ್ಟಿಸಿದವ ಕರಕೊಳ್ಳಲಿ, ನಾವ್ಯಾರು" ಅಂದರು. ರಾಜಾ ಕೌದಿಯ ಮೇಲೆಯೇ ಹೋದ. ನೋವಿನ ಔಷಧಿ ಕಡೆಯವರೆಗೂ ಕೊಟ್ಟೆವು.

ವಾಸ್ಕೋ ಕಾರವಾರ:

ಅಣ್ಣಾ, ಅದೂ ಸರಿಯೇ. ನೋವಿನ ಔಷಧಿ ಕೊಟ್ಟು ಪಕ್ಕದಲ್ಲಿ ಕೂತಿರಿ. ನಮ್ಮ ಕರಿಯನಿಗೆ ಆ ಹೊತ್ತಿಗೆ ಔಷಧಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಮಾಟುಂಗಾ ಮಾಮ:

ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ. ನನಗೆ ಇಲ್ಲಿ ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರು. ಸುಮಾರು 950ರ ಶಾಸನ, ಗಂಗ ವಂಶದ ರಾಜ ಬೂತುಗನ ಕಾಲದ್ದು. ಮಣಲೆರ ಅನ್ನುವ ವೀರ ರಾಜನ ಹತ್ತಿರ ಕೇಳಿ ಪಡೆದದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಹಂದಿ-ನಾಯಿಯ ಹೋರಾಟ ಕೆತ್ತಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಬ್ಬನ್ ಪಾರ್ಕ್ ಕಡೆ ಹೋದವರು ಒಳಗೆ ಹೋಗಿ ನೋಡಿ. ಒಂದು ನಾಯಿಗೆ ಯಾಕಿಷ್ಟು ಅಂತ ಕೇಳುವ ನೆಂಟರಿಗೆ ನಾನು ಈ ಕಲ್ಲಿನ ಕಥೆಯನ್ನೇ ಹೇಳುತ್ತೇನೆ.

ಠಾಣೆ ವಕೀಲ:

ಮಾಮ, ಇದು ಗೊತ್ತೇ ಇರಲಿಲ್ಲ. ಮಗನಿಗೆ ತೋರಿಸುತ್ತೇನೆ. ಇನ್ನೊಂದು ಮಾಹಿತಿ, ಮುಂಬೈಯವರಿಗೆ. ಪಾಲಿಕೆ 2023ರಲ್ಲಿ ಮಲಾಡಿನಲ್ಲಿ ಸಾಕುಪ್ರಾಣಿಗಳ ಗ್ಯಾಸ್ ಚಿತಾಗಾರ ಶುರು ಮಾಡಿದೆ. ಫ್ಲ್ಯಾಟಿನಲ್ಲಿರುವ ನಮಗೆ ಹೂಳಲು ಜಾಗ ಎಲ್ಲಿದೆ ಹೇಳಿ. ಆ ಹೊತ್ತಿಗೆ ಹುಡುಕುತ್ತಾ ಕೂರುವುದಕ್ಕಿಂತ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಲ್ಯಾಣದ ಕಾವೇರಿ:

ಚಿನ್ನು ಉಳಿದಳು! ರಾತ್ರಿಯೇ ಸ್ಕ್ಯಾನ್ ಆಯಿತು, ಕೀವೇ ಇತ್ತು. ಬೆಳಗಿನ ಜಾವ ಆಪರೇಷನ್ ಆಯಿತು. ಇವತ್ತು ಸಂಜೆ ನನ್ನ ದನಿ ಕೇಳಿ ಬಾಲ ಅಲ್ಲಾಡಿಸಿದಳು. ಡಾಕ್ಟ್ರೇ, ನಿಮಗೆ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಮಾಮ, ನಿಮಗೂ.

ಕೋಥ್ರೂಡ್ ಪಶುವೈದ್ಯೆ:

ಸಂತೋಷ ಆಯಿತು. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕೋನ್ ತೆಗೆಯಬೇಡಿ, ಅವಳು ಎಷ್ಟು ಗೋಳಾಡಿದರೂ. ಗುಣವಾದ ಮೇಲೆ ಅವಳ ಹೃದಯವನ್ನೂ ಒಮ್ಮೆ ನೋಡಿಸಿ. ಸಣ್ಣ ತಳಿಗಳಿಗೆ ವಯಸ್ಸಾದಾಗ ಹೃದಯದ ಕವಾಟದ ತೊಂದರೆ ಬರುವುದು ಸಾಮಾನ್ಯ, ರಾತ್ರಿ ಕೆಮ್ಮು ಇರುತ್ತದೆ. ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ ತೋರಿಸಬೇಕು.

ಮುಲುಂಡ್ ಮಲ್ನಾಡ್:

ಚಿನ್ನು ಸುದ್ದಿ ಓದಿ ನಮ್ಮನೆಯಲ್ಲಿ ಎಲ್ಲರಿಗೂ ಖುಷಿ. ಈಗ ಗುಂಡನದು ಹೇಳುತ್ತೇನೆ.

ಡಾಕ್ಟ್ರೇ, ನೀವು ಹೇಳಿದ್ದೇ ನಿಜ. ಮೂತ್ರದಲ್ಲಿ ಸೋಂಕು ಇತ್ತು, ಆಂಟಿಬಯಾಟಿಕ್ ಶುರುವಾಗಿದೆ. ಮಲಗಿದಲ್ಲಿ ಆಗುವುದು ನಿಂತೇಹೋಗಿದೆ. ಎಕ್ಸ್‌ರೇಯಲ್ಲಿ ಸೊಂಟ, ಮೊಣಕೈ ಎರಡರಲ್ಲೂ ಕೀಲು ಸವೆತ. ಕಿಡ್ನಿ, ಲಿವರ್ ಚೆನ್ನಾಗಿವೆ ಅಂತ ನೋವಿನ ಮಾತ್ರೆ ಕೊಟ್ಟಿದ್ದಾರೆ. ತೂಕ ಇಳಿಸಲು ಹೇಳಿದ್ದಾರೆ. ಅತ್ತೆ ಕದ್ದು ಕೊಡುತ್ತಿದ್ದ ತುಪ್ಪದ ಚಪಾತಿ ಬಂದ್, ಬದಲಿಗೆ ಬೇಯಿಸಿದ ಕುಂಬಳಕಾಯಿ. ಮೊದಲ ದಿನ ಮುಖ ತಿರುಗಿಸಿದ, ಈಗ ತಿನ್ನುತ್ತಾನೆ. ಸ್ವಲ್ಪ ಬಿಸಿ ಮಾಡಿ ಕೊಟ್ಟರೆ ವಾಸನೆಗೆ ಬೇಗ ಬರುತ್ತಾನೆ.

ಮರೆಗುಳಿತನ ಸ್ವಲ್ಪ ಇದೆ ಅಂದರು. ಹಾಲ್‌ನಲ್ಲಿ ಝೀರೋ ಬಲ್ಬ್ ಹಾಕಿದ್ದೇವೆ, ಸಾಮಾನು ಜಾಗ ಬದಲಿಸುವುದಿಲ್ಲ, ಬಾಗಿಲಿನ ಹಿಂದಿನ ಮೂಲೆಗೆ ಸ್ಟೂಲ್ ಅಡ್ಡ ಇಟ್ಟಿದ್ದೇವೆ. ಬೆಳಿಗ್ಗೆ ಬಿಸಿಲಿನಲ್ಲಿ ಸಣ್ಣ ವಾಕಿಂಗ್, ಸಂಜೆ ಇನ್ನೊಂದು. ಮೂಸುತ್ತಾ ನಿಂತರೆ ಎಳೆಯುವುದಿಲ್ಲ. ಮಳೆ ಇದ್ದರೆ ಪಾರ್ಕಿಂಗಿನಲ್ಲೇ. ನಿನ್ನೆ ರಾತ್ರಿ ಒಂದೇ ಸಲ ಎದ್ದ. ಅತ್ತೆಯೂ ನಿದ್ದೆ ಮಾಡಿದರು.

ಲಿಫ್ಟಿಗೆ ವಕೀಲರು ಹೇಳಿದ ಹಾಗೇ ಅರ್ಜಿ ಕೊಟ್ಟೆವು. ಗುಂಡನಿಗೆ ಒಪ್ಪಿಗೆ ಸಿಕ್ಕಿದೆ, ನೋಟಿಸ್ ಮಾತ್ರ ಇನ್ನೂ ಗೋಡೆಯ ಮೇಲಿದೆ. ಮುಂದಿನ ಮೀಟಿಂಗಿನಲ್ಲಿ ಬೇರೆ ನಾಯಿಗಳ ಪರವಾಗಿಯೂ ಕೇಳುತ್ತೇನೆ.

ಊರಿಗೆ ಹೋಗುವುದೊಂದು ಉಳಿದಿದೆ. ರೈಲಿನಲ್ಲಿ ಆಗುತ್ತದೆಯೇ?

ಹುಬ್ಬಳ್ಳಿ ಟು ಹಡಪ್ಸರ್:

ರೈಲು ಬೇಡ ಅಕ್ಕಾ. ನಮ್ಮ ಜೊತೆಗೇ ಇರಬೇಕೆಂದರೆ ಫಸ್ಟ್ ಕ್ಲಾಸಿನ ಕೂಪೆ ಪೂರಾ ನಮ್ಮದೇ ಆಗಬೇಕು, ಹಬ್ಬದಲ್ಲಿ ಸಿಗುವುದು ಕಷ್ಟ. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಈ ವಯಸ್ಸಿಗೆ ಅದು ಆಗದ ಮಾತು. ಕಾರು ಇದ್ದರೆ ಕೊಲ್ಲಾಪುರ, ಬೆಳಗಾವಿ ಮೇಲೆ ಎರಡು ದಿನ ಮಾಡಿಕೊಂಡು ಹೋಗಿ. ಒಂದೆರಡು ಗಂಟೆಗೊಮ್ಮೆ ಇಳಿಸಿ ಕಾಲಾಡಿಸಿ. ಇಲ್ಲವೇ ಯಾರಾದರೂ ಒಬ್ಬರು ಮನೆಯಲ್ಲಿ ಉಳಿಯಿರಿ.

ಮುಲುಂಡ್ ಮಲ್ನಾಡ್:

ಅತ್ತೆ ಆಗಲೇ ತೀರ್ಮಾನ ಮಾಡಿಯಾಗಿದೆ. "ನೀವು ಹೋಗಿ ಬನ್ನಿ, ಗಣಪತಿಯನ್ನು ನಾನೂ ಗುಂಡನೂ ಇಲ್ಲೇ ಕೂರಿಸುತ್ತೇವೆ" ಅಂದರು. ಮಗಳೂ ಅವರ ಜೊತೆ ಉಳಿಯುತ್ತಾಳೆ. ಮಾತ್ರೆ ಎಷ್ಟು ದಿನ ಕೊಡಬೇಕು ಡಾಕ್ಟ್ರೇ?

ಕೋಥ್ರೂಡ್ ಪಶುವೈದ್ಯೆ:

ಎಷ್ಟು ದಿನ ಅನ್ನುವುದನ್ನು ಅವನನ್ನು ನೋಡಿದ ಡಾಕ್ಟರರೇ ಹೇಳಬೇಕು. ಊಟದ ಜೊತೆಗೇ ಕೊಡಿ. ಕೆಲವು ವಾರ ಆದ ಮೇಲೆ ರಕ್ತ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಆಮೇಲೂ ಆಗಾಗ. ಆಂಟಿಬಯಾಟಿಕ್ ಮುಗಿದ ಮೇಲೆ ಮೂತ್ರ ಮತ್ತೆ ನೋಡಿಸಿ. ವಾಂತಿ, ಊಟ ಬಿಡುವುದು, ಮಲ ಟಾರಿನ ಹಾಗೆ ಕಪ್ಪಾಗುವುದು ಕಂಡರೆ ಆ ದಿನವೇ ನೋವಿನ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಬೇರೆ ಯಾರಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ ಈ ಮಾತ್ರೆ ನಡೆಯುತ್ತಿದೆ ಅಂತ ಮೊದಲು ಹೇಳಿ, ಎರಡೂ ಒಟ್ಟಿಗೆ ಕೊಡುವಂತಿಲ್ಲ. ಇದನ್ನೆಲ್ಲ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಡಾಕ್ಟರ ನಂಬರ್ ಜೊತೆ ಫ್ರಿಜ್ ಮೇಲೆ ಅಂಟಿಸಿ ಹೋಗಿ. ಹಬ್ಬದಲ್ಲಿ ಡೋಲು, ಪಟಾಕಿ ಜೋರಾದರೆ ಅವನನ್ನು ಒಳಗಿನ ಕೋಣೆಯಲ್ಲಿ ಫ್ಯಾನ್ ಹಾಕಿ ಮಲಗಿಸಲಿ. ಮತ್ತೆ ಅತ್ತೆಯವರಿಗೆ ಹೇಳಿ, ಅವನಿಗೆ ಮೋದಕ ಬೇಡ.